ಹದಿನೆಂಟರ ‘ಹಿರಿಯರು’

ಸೋಮವಾರ ಬೆಳಗಿನ ಜಾವ ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನಂಥ ಊರುಗಳಿಂದ ಬೆಂಗಳೂರಿಗೆ ಓದಲು ಹೊರಡುವ ಹುಡುಗರ ಕೈಯಲ್ಲಿ ಒಂದು ಚೀಲ ಇದ್ದೇ ಇರುತ್ತದೆ. ಒಗೆದು ಮಡಿಸಿದ ಬಟ್ಟೆ, ಉಪ್ಪಿನಕಾಯಿ ಡಬ್ಬಿ, ಅಮ್ಮ ಕಟ್ಟಿಕೊಟ್ಟ ಹುರಿಗಾಳು. ಶನಿವಾರ ಸಂಜೆ ಮಗ ಮರಳುವವರೆಗೆ ಮನೆಯವರ ಮನಸ್ಸು ಬಸ್‌ಸ್ಟ್ಯಾಂಡಿನ ಕಡೆಗೇ. ಹೀಗಿರುವಾಗ, ಹದಿನೆಂಟು ತುಂಬಿದ ಮಗನನ್ನು ಎರಡು ವರ್ಷ ಕಾಲ, ನಡುವೆ ಹಬ್ಬಕ್ಕೂ ಊರಿಗೆ ಬಾರದಂತೆ, ಅವನೇ ಆರಿಸಿಕೊಳ್ಳದ ಊರಿಗೆ, ಸಂಬಳವಿಲ್ಲದ ಕೆಲಸಕ್ಕೆ ಕಳಿಸುವ ತಂದೆ ತಾಯಿಗಳೂ ಇದ್ದಾರೆ ಎಂದರೆ ಯಾರಿಗಾದರೂ ಸೋಜಿಗವೇ.

ಅಂಥ ಹುಡುಗರನ್ನು ಕಾಣಲು ಅಮೆರಿಕಕ್ಕೆ ಹೋಗಬೇಕಿಲ್ಲ. ಮೈಸೂರು ರಸ್ತೆಯಲ್ಲಿ ಬಂದವರು ಕೆಂಗೇರಿಯಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ, ನಗರವನ್ನು ಪಶ್ಚಿಮದಿಂದ ಪೂರ್ವಕ್ಕೆ ದಾಟಿ, ವೈಟ್‌ಫೀಲ್ಡ್ ದಾರಿಯ ಗರುಡಾಚಾರ್‌ಪಾಳ್ಯದಲ್ಲಿ ಇಳಿದರೆ ಸಾಕು. ಮಾರ್ಮನ್ನರೆಂದು ಹೆಸರಾದ ಕ್ರೈಸ್ತ ಪಂಥವು ಭಾರತದಲ್ಲಿ ತನ್ನ ಮೊದಲ ದೇವಾಲಯಕ್ಕೆ ಆರಿಸಿಕೊಂಡ ಜಾಗ ಇಲ್ಲಿದೆ. ದೇವಾಲಯದ ಘೋಷಣೆಯಾದದ್ದು 2018ರ ಏಪ್ರಿಲ್‌ನಲ್ಲಿ. ಭೂಮಿಪೂಜೆಯಂಥ ಸಮಾರಂಭ ನಡೆದದ್ದು 2020ರ ಡಿಸೆಂಬರ್‌ನಲ್ಲಿ.

ಇಸ್ತ್ರಿ ಮಾಡಿದ ತಿಳಿಬಣ್ಣದ ಅಂಗಿ, ಟೈ, ಎದೆಯ ಮೇಲೆ ಕಪ್ಪು ಹೆಸರಪಟ್ಟಿ. ಯಾವಾಗಲೂ ಇಬ್ಬಿಬ್ಬರು. ಮಾರಾಟ ಪ್ರತಿನಿಧಿಗಳಿರಬೇಕು ಎಂದು ದಾರಿಹೋಕರು ತಪ್ಪು ತಿಳಿದರೆ ಆಶ್ಚರ್ಯವಿಲ್ಲ. ಪಟ್ಟಿಯ ಮೇಲಿರುವ ‘ಎಲ್ಡರ್’ ಎಂಬ ಪದಕ್ಕೆ ‘ಹಿರಿಯ’ ಎಂದರ್ಥ. ನಮ್ಮ ಕಡೆ ತಲೆ ನರೆತು, ನಾಲ್ಕು ಪಂಚಾಯ್ತಿ ಮಾಡಿದವರಿಗೆ ಸಲ್ಲುವ ಮಾತು. ಇಲ್ಲಿ ಮೀಸೆ ಸರಿಯಾಗಿ ಮೂಡದ ಹುಡುಗನಿಗೂ ಅದೇ ಬಿರುದು.

<b>ಯಾರಿವರು?</b>

1830ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಎಂಬಾತ ಸ್ಥಾಪಿಸಿದ ಸಭೆ ಇದು. ಈಗ ಅದರ ಕೇಂದ್ರ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿ. ‘ಮಾರ್ಮನ್’ ಎಂಬ ಅಡ್ಡಹೆಸರು ಬಿಟ್ಟು ‘ಯೇಸು ಕ್ರಿಸ್ತನ ಅಂತ್ಯದಿನಗಳ ಸಂತರ ಸಭೆ’ ಎಂಬರ್ಥದ ಪೂರ್ಣ ಹೆಸರನ್ನೇ ಬಳಸಬೇಕೆಂದು ಅದರ ಮುಖ್ಯಸ್ಥರು 2018ರಲ್ಲಿ ಕೇಳಿಕೊಂಡರಾದರೂ ಜನರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ. ಲೋಕದಾದ್ಯಂತ 70 ಸಾವಿರಕ್ಕೂ ಹೆಚ್ಚು ಮಂದಿ ಯುವಕ ಯುವತಿಯರು ಇದರ ಪ್ರಚಾರಕರು. ಗಂಡುಮಕ್ಕಳಿಗೆ ಎರಡು ವರ್ಷ, ಹೆಣ್ಣುಮಕ್ಕಳಿಗೆ ಒಂದೂವರೆ ವರ್ಷ. ಹುಡುಗರು ಹೊರಡುವ ಕನಿಷ್ಠ ವಯಸ್ಸನ್ನು 2012ರಲ್ಲಿ 19ರಿಂದ 18ಕ್ಕೆ ಇಳಿಸಲಾಯಿತು. ಎಲ್ಲಿಗೆ ಹೋಗಬೇಕೆಂಬುದನ್ನು ತೀರ್ಮಾನಿಸುವುದು ಕೇಂದ್ರ. ಖರ್ಚಿಗೆ ಹುಡುಗನ ಉಳಿತಾಯ, ಮನೆಯವರ ನೆರವು.

ಬೆಂಗಳೂರು ಈ ಸಭೆಯ ಪ್ರಚಾರಕಾರ್ಯದ ಕೇಂದ್ರವಾದದ್ದು 1993ರಲ್ಲಿ. ಅಲ್ಲಿಯವರೆಗೆ ಭಾರತದ ಕೆಲಸವನ್ನು ಸಿಂಗಪುರದಿಂದ ನೋಡಿಕೊಳ್ಳಲಾಗುತ್ತಿತ್ತು. ದೇಶದಲ್ಲಿ ಇದರ ಸದಸ್ಯರು ಸುಮಾರು 15 ಸಾವಿರವಷ್ಟೇ. ವಿದೇಶದಿಂದ ಬರುವವರಿಗೆ ಮಿಷನರಿ ವೀಸಾ ಬೇಕು, ಅದು ಸುಲಭದ್ದಲ್ಲ. ಹೀಗಾಗಿ ಇಲ್ಲಿ ಹೆಸರಪಟ್ಟಿ ಧರಿಸಿದವರಲ್ಲಿ ನಮ್ಮ ದೇಶದ ಮಕ್ಕಳೇ ಹೆಚ್ಚು.

<b>ಗಂಟೆ ಗಂಟೆಯ ಲೆಕ್ಕ</b>

ಇವರ ದಿನಚರಿ ಹಾಸ್ಟೆಲ್ ವಾರ್ಡನ್ನರೂ ತಲೆದೂಗುವಂಥದ್ದು. ಸಾಮಾನ್ಯವಾಗಿ ಬೆಳಿಗ್ಗೆ ಆರೂವರೆಗೆ ಎದ್ದು ವ್ಯಾಯಾಮ, ಸ್ನಾನ, ತಿಂಡಿ. ಬಳಿಕ ಧರ್ಮಗ್ರಂಥದ ಓದು, ಜೊತೆಗಾರನೊಂದಿಗೆ ಪಾಠದ ತಯಾರಿ, ಭಾಷಾಭ್ಯಾಸ. ಅನಂತರ ಹೊರಗೆ. ಪರಿಚಿತರ ಮನೆ, ಆಸಕ್ತಿ ತೋರಿದವರ ಭೇಟಿ, ಕಾಯಿಲೆ ಬಿದ್ದ ಸದಸ್ಯರ ವಿಚಾರಣೆ, ಯಾರಿಗಾದರೂ ಕೈಯಾಸರೆ. ರಾತ್ರಿ ಒಂಬತ್ತರ ಸುಮಾರಿಗೆ ಕೋಣೆಗೆ ಮರಳಿ ಮರುದಿನದ ಯೋಜನೆ. ಹತ್ತೂವರೆಗೆ ದೀಪ ಆರಬೇಕು. ಆಯಾ ದೇಶದ ಪದ್ಧತಿಗೆ ತಕ್ಕಂತೆ ವೇಳೆ ಬದಲಿಸಿಕೊಳ್ಳಲು 2017ರಲ್ಲಿ ಸ್ವಲ್ಪ ಸಡಿಲಿಕೆ ಸಿಕ್ಕಿತು.

ಭಾನುವಾರ ಆರಾಧನೆ. ಸೋಮವಾರ ‘ಸಿದ್ಧತೆಯ ದಿನ’ ಎಂಬ ಅರ್ಧ ರಜೆ. ಬಟ್ಟೆ ಒಗೆಯುವುದು, ತರಕಾರಿ ತರುವುದು, ಕ್ಷೌರ, ಆಟ ಎಲ್ಲವೂ ಅಂದೇ. ಅನ್ನ ಮಾಡಲು ಬಾರದೆ ಬಂದವನು ನಾಲ್ಕು ವಾರದಲ್ಲಿ ಸಾರಿಗೆ ಒಗ್ಗರಣೆ ಹಾಕುವುದನ್ನು ಕಲಿಯಬೇಕಾಗುತ್ತದೆ. ಸಿನಿಮಾ ಇಲ್ಲ, ಪ್ರೇಮ ಪ್ರಸಂಗ ಇಲ್ಲ. ಜೊತೆಗಾರನನ್ನು ಬಿಟ್ಟು ಒಬ್ಬನೇ ಹೊರಗೆ ಕಾಲಿಡುವಂತಿಲ್ಲ. ಆ ಜೊತೆಗಾರನನ್ನು ಆರಿಸುವವರೂ ಬೇರೆಯವರೇ. ತೆಲುಗು ನಾಡಿನವನಿಗೆ ತಮಿಳು ನಾಡಿನವನು ಜೋಡಿಯಾಗಬಹುದು. ಸಾಮಾನ್ಯವಾಗಿ ಆರು ವಾರಕ್ಕೊಮ್ಮೆ ವರ್ಗಾವಣೆಯ ಸುದ್ದಿ ಬರುತ್ತದೆ. ಹೊಂದಿಕೆಯಾಗದವನ ಜೊತೆ ಒಂದೇ ಕೋಣೆಯಲ್ಲಿ ಆರು ವಾರ ಬಾಳುವುದು ಯಾವ ಕಾಲೇಜಿನ ಪಠ್ಯದಲ್ಲೂ ಇಲ್ಲದ ಪಾಠ.

ಇನ್ನೊಂದು ತೊಡಕು ನಮ್ಮ ನಾಡಿನದೇ. ಈ ಪಂಥದವರು ಮದ್ಯ, ತಂಬಾಕು ಮಾತ್ರವಲ್ಲ, ಕಾಫಿ ಟೀ ಕೂಡ ಮುಟ್ಟುವುದಿಲ್ಲ. ಹೊಸಿಲು ದಾಟಿದವರ ಕೈಗೆ ಮೊದಲು ಕಾಫಿ ಲೋಟ ಕೊಡುವ ಹಳೆ ಮೈಸೂರು ಸೀಮೆಯಲ್ಲಿ ‘ಬೇಡ’ ಎನ್ನುವುದು ಸಣ್ಣ ಮಾತಲ್ಲ. ಮನೆಯೊಡತಿಯ ಮನಸ್ಸು ನೋಯದಂತೆ ಮಜ್ಜಿಗೆಯನ್ನೋ ನೀರನ್ನೋ ಕೇಳಿ ಪಡೆಯುವ ನಯವನ್ನು ಹುಡುಗರು ಕಲಿಯಲೇಬೇಕು.

<b>ಮುಚ್ಚಿದ ಬಾಗಿಲು</b>

ಧರ್ಮಪ್ರಚಾರ ನಮ್ಮಲ್ಲಿ ಸೂಕ್ಷ್ಮ ವಿಷಯ. ಸಂವಿಧಾನದ 25ನೇ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ಆದರೆ ಇನ್ನೊಬ್ಬರನ್ನು ಮತಾಂತರಿಸುವುದು ಆ ಹಕ್ಕಿನಲ್ಲಿ ಸೇರಿಲ್ಲವೆಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತು. ಕರ್ನಾಟಕದಲ್ಲಿ 2022ರಲ್ಲಿ ಮತಾಂತರ ನಿಯಂತ್ರಿಸುವ ಕಾಯ್ದೆ ಬಂತು. ಅದನ್ನು ಹಿಂಪಡೆಯಲು ಮುಂದಿನ ಸರ್ಕಾರದ ಸಚಿವ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿತು. ಈ ವಾದ ವಿವಾದದ ನಡುವೆ ನಡೆದಾಡುವ ಹುಡುಗನಿಗೆ ದಿನದಲ್ಲಿ ಕಿವಿಗೆ ಬೀಳುವ ಉತ್ತರ ಬಹುಪಾಲು ‘ಬೇಡಪ್ಪಾ, ಹೋಗಿ’ ಎಂಬುದೇ. ಅವನ ನಂಬಿಕೆಯನ್ನು ಒಪ್ಪದವರೂ, ಅವನ ಕೆಲಸವನ್ನೇ ವಿರೋಧಿಸುವವರೂ ಒಂದನ್ನು ಗಮನಿಸಬಹುದು: ದಿನವೂ ನಿರಾಕರಣೆ ಉಂಡು, ಮರುದಿನ ಮತ್ತೆ ಅಂಗಿ ಇಸ್ತ್ರಿ ಮಾಡಿಕೊಂಡು ಹೊರಡುವುದು ಹದಿನೆಂಟರ ಹರೆಯಕ್ಕೆ ಸುಲಭವಲ್ಲ.

ಭಾರತದಲ್ಲಿ ಈ ಪಂಥಕ್ಕೆ ಸೋಲು ಹೊಸದೂ ಅಲ್ಲ. 1853ರಲ್ಲಿ ರಿಚರ್ಡ್ ಬ್ಯಾಲಂಟೈನ್ ಮತ್ತು ಸಂಗಡಿಗರು ಮದ್ರಾಸಿಗೆ ಬಂದಿಳಿದರು. ಅವರ ಮಾತು ಹೆಚ್ಚಾಗಿ ಅಲ್ಲಿದ್ದ ಆಂಗ್ಲರ ನಡುವೆಯೇ ಸುತ್ತಿತು. ಬ್ಯಾಲಂಟೈನ್ ಮರುವರ್ಷವೇ ಹಡಗು ಹತ್ತಿದರು. ಅದೇ 1853ರಲ್ಲಿ ಬಾಸೆಲ್ ಮಿಷನ್ನಿನ ಇಪ್ಪತ್ತೊಂದರ ಜರ್ಮನ್ ತರುಣನೊಬ್ಬ ಕನ್ನಡ ನಾಡಿಗೆ ಬಂದ. ಅವನ ಹೆಸರು ಫರ್ಡಿನಾಂಡ್ ಕಿಟ್ಟೆಲ್. ಆತ ಜನರ ಭಾಷೆಗೇ ತಲೆಬಾಗಿದ. 1894ರಲ್ಲಿ ಸುಮಾರು 70 ಸಾವಿರ ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂತು. ಗರುಡಾಚಾರ್‌ಪಾಳ್ಯಕ್ಕೆ ಹೋಗುವ ಮೆಟ್ರೊ ಎಂ.ಜಿ. ರಸ್ತೆಯನ್ನು ಹಾದೇ ಹೋಗುತ್ತದೆ. ಮೇಯೋ ಹಾಲ್ ಬಳಿ ಕಿಟ್ಟೆಲ್ ಪ್ರತಿಮೆ ಇದೆ. ಅವರು ಸಾರಲು ಬಂದದ್ದನ್ನು ಒಪ್ಪದ ಕನ್ನಡಿಗರೂ ಅವರು ಕಲಿತು ಕೊಟ್ಟದ್ದಕ್ಕೆ ಕೈಮುಗಿದಿದ್ದಾರೆ.

<b>ಮನೆಯ ದನಿ</b>

ಹಿಂದೆ ಈ ಹುಡುಗರು ಮನೆಗೆ ಫೋನ್ ಮಾಡಬಹುದಾಗಿದ್ದುದು ವರ್ಷಕ್ಕೆ ಎರಡೇ ಸಲ: ಕ್ರಿಸ್‌ಮಸ್‌ಗೆ ಮತ್ತು ತಾಯಂದಿರ ದಿನಕ್ಕೆ. ಉಳಿದಂತೆ ಕಾಗದ, ಆಮೇಲೆ ವಾರಕ್ಕೊಂದು ಇ–ಮೇಲ್. ಮನೆಯ ನೆನಪು ಕೆಲಸ ಕೆಡಿಸುತ್ತದೆ ಎಂಬುದು ಅಂದಿನ ಎಣಿಕೆ. 2019ರ ಫೆಬ್ರುವರಿಯಲ್ಲಿ ನಿಯಮ ಬದಲಾಯಿತು. ಈಗ ಸಿದ್ಧತೆಯ ದಿನ ಪ್ರತಿ ವಾರವೂ ಹೆತ್ತವರೊಡನೆ ಮಾತಾಡಬಹುದು, ವಿಡಿಯೊದಲ್ಲಿ ಮುಖವನ್ನೂ ನೋಡಬಹುದು.

ಈ ಬದಲಾವಣೆಯ ಹಿಂದೆ ಒಂದು ನೋವಿನ ತಿಳಿವಳಿಕೆ ಇದೆ. ಎಲ್ಲರೂ ಎರಡು ವರ್ಷ ಪೂರೈಸುವುದಿಲ್ಲ. ಕಾಯಿಲೆಯಿಂದಲೋ, ಮನಸ್ಸು ಕುಗ್ಗಿಯೋ ಅರ್ಧಕ್ಕೆ ಮರಳುವವರಿದ್ದಾರೆ. ಬ್ಯಾಂಡು ಬಾರಿಸಿ ಬೀಳ್ಕೊಟ್ಟಂಥ ಸಂಭ್ರಮದಲ್ಲಿ ಹೊರಟವನು ತಲೆ ತಗ್ಗಿಸಿ ಬಂದಾಗ, ಬಂಧುಬಳಗದ ಪಿಸುಮಾತು ಕಾಯಿಲೆಗಿಂತ ಹೆಚ್ಚು ಕಾಡುತ್ತದೆ. ಅಂಥವರಿಗಾಗಿ ಮನೆಯಲ್ಲೇ ಇದ್ದು ಸಮಾಜಸೇವೆ ಮಾಡಿ ಅವಧಿ ಪೂರೈಸುವ ದಾರಿಯನ್ನೂ ಸಭೆ ಈಗ ತೆರೆದಿದೆ.

ಎಂಜಿನಿಯರಿಂಗೋ ಮೆಡಿಕಲ್ಲೋ ಸೇರಿ, ತಾಳಲಾರದೆ ಚೀಲ ಹೊತ್ತು ಊರಿಗೆ ಬಂದ ಮಕ್ಕಳನ್ನು ಕಂಡ ಹೆತ್ತವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. ಶಿಸ್ತಿನ ದಿನಚರಿ, ಪಕ್ಕದಲ್ಲೊಬ್ಬ ಜೊತೆಗಾರ, ವಾರಕ್ಕೊಮ್ಮೆ ಮನೆಯ ದನಿ – ಹದಿನೆಂಟರ ಹುಡುಗನನ್ನು ಪರಊರಿನಲ್ಲಿ ಹಿಡಿದು ನಿಲ್ಲಿಸುವುದು ಇವೇ. ಅವೂ ಸಾಲದಾದ ದಿನ, ‘ಯಾಕೆ ಬಂದೆ’ ಎಂದು ಕೇಳುವ ಮೊದಲು ತಟ್ಟೆ ಹಾಕುವ ಮನೆಯೊಂದು ಇರಬೇಕು.