ನಮ್ಮ ಹಳೇ ಲ್ಯಾಪ್‌ಟಾಪ್ ಯಾರ ಲೆಕ್ಕದಲ್ಲಿದೆ?

ಕೊಡಗಿನ ಬೆಳೆಗಾರರಿಗೆ ಮಳೆ ಅಂದರೆ ಇಂಚು ಮತ್ತು ಸೆಂಟ್ಸ್. ನೂರು ಸೆಂಟ್ಸ್ ಸೇರಿದರೆ ಒಂದು ಇಂಚು. ಹೂಮಳೆ ಬಿದ್ದ ಮರುದಿನ ಬೆಳಿಗ್ಗೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೊದಲು ಬರುವ ಮಾತೇ ಅದು: “ನಮ್ಮಲ್ಲಿ 80 ಸೆಂಟ್ಸ್, ನಿಮ್ಮಲ್ಲಿ?” ವರದಿಗಾರರಾದ ನಮಗೆ ಈ ಸಂಖ್ಯೆಗಳೇ ಸುದ್ದಿ. ರೋಬಸ್ಟಾ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಎಂಬುದು ಇದರ ಮೇಲೆ ನಿಂತಿದೆ. 2018ರ ಆಗಸ್ಟ್ ನೋಡಿದ ಮೇಲಂತೂ, ಗುಡ್ಡದ ಬುಡದಲ್ಲಿರುವವರು ರಾತ್ರಿ ಮನೆಯಲ್ಲೇ ಮಲಗಬೇಕೋ ಬೇಡವೋ ಎಂಬುದೂ ಇದರ ಮೇಲೇ ನಿಂತಿದೆ.

ಊರೂರಿನಿಂದ ಬರುವ ಈ ಲೆಕ್ಕ ಕೂಡಿಸಲು ನಾವು ಪೈಥಾನ್ ಭಾಷೆಯಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಬರೆದೆವು. ನಮ್ಮಲ್ಲಿರುವುದು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಸೆಲೆರಾನ್ ಲ್ಯಾಪ್‌ಟಾಪ್. ಲೆಕ್ಕಕ್ಕೆಂದು ಇಂಟರ್‌ನೆಟ್‌ನಿಂದ ಇಳಿಸಿಕೊಂಡ ಒಂದು ಲೈಬ್ರರಿ ಶುರುವಾದ ಕೂಡಲೇ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ಒಂದೇ ಸಾಲು ಬರೆದು ನಿಂತುಹೋಯಿತು. “ಇಲ್ಲೀಗಲ್ ಅಂದ್ರೆ ಪೊಲೀಸ್ ಕೇಸ್ ಆಗುತ್ತಾ?” ಎಂದು ಪಕ್ಕದಲ್ಲಿದ್ದವರು ಕೇಳಿದರು. ಕೇಸ್ ಏನಿಲ್ಲ. ಪ್ರೊಸೆಸರ್‌ಗೆ ಗೊತ್ತಿಲ್ಲದ ಆಜ್ಞೆ ಬಂದಿದೆ ಎಂದಷ್ಟೇ ಅರ್ಥ.

ಮನುಷ್ಯರು ಬರೆದ ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ಇಳಿಸುವುದು ಕಂಪೈಲರ್. ಹೇಗೆ ಇಳಿಸಬೇಕು ಎಂದು ಅದಕ್ಕೆ ಕೊಡುವ ಸೂಚನೆಗಳೇ ಫ್ಲ್ಯಾಗ್‌ಗಳು. ಕಾಫಿಪುಡಿ ಅಂಗಡಿಯಲ್ಲಿ “ಚಿಕೋರಿ ಎಷ್ಟು ಹಾಕಲಿ, ತರಿ ಬೇಕಾ ನುಣ್ಣಗೆ ಬೇಕಾ” ಎಂದು ಕೇಳುತ್ತಾರಲ್ಲ, ಹಾಗೆ. ಆದರೆ ಪ್ಯಾಕೆಟ್ ಪುಡಿ ಕೊಂಡರೆ ಯಾರೂ ಕೇಳುವುದಿಲ್ಲ. ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬರುವ ಸ್ಟ್ಯಾಂಡರ್ಡ್ ಲೈಬ್ರರಿ ಇಂಥ ಪ್ಯಾಕೆಟ್. ಕೂಡುವುದು, ದಿನಾಂಕ ಓದುವುದು, ಫೈಲ್ ತೆರೆಯುವುದು ಎಲ್ಲ ಅದರಲ್ಲಿ ತಯಾರಾಗಿಯೇ ಇರುತ್ತದೆ. ರಸ್ಟ್ ಭಾಷೆಯಲ್ಲಿ ‘ನನ್ನ ಪ್ರೊಸೆಸರ್‌ಗೆ ತಕ್ಕಂತೆ ಮಾಡು’ ಎಂದು ಫ್ಲ್ಯಾಗ್ ಕೊಟ್ಟರೂ ಬದಲಾಗುವುದು ನಿಮ್ಮ ಕೋಡ್ ಮಾತ್ರ. ಮೊದಲೇ ತಯಾರಾಗಿ ಬಂದ ಸ್ಟ್ಯಾಂಡರ್ಡ್ ಲೈಬ್ರರಿ ಇದ್ದ ಹಾಗೇ ಇರುತ್ತದೆ.

ಹಾಗಾಗಿ ಅದನ್ನು ಕಟ್ಟುವವರು ಎರಡು ತೀರ್ಮಾನ ಮಾಡಬೇಕು. ಮೊದಲನೆಯದು, ಎಷ್ಟು ಹಳೆಯ ಪ್ರೊಸೆಸರ್ ತನಕ ಇದು ಓಡಬೇಕು? ಇದನ್ನು ಹೇಳುವುದು ‘ಎಂ-ಆರ್ಚ್’ ಎಂಬ ಫ್ಲ್ಯಾಗ್. ಒಂದೇ ಸಲಕ್ಕೆ ಹಲವು ಸಂಖ್ಯೆ ಕೂಡಿಸುವ ಎವಿಎಕ್ಸ್ ಎಂಬ ಆಜ್ಞೆಗಳು ಇಂಟೆಲ್ ಪ್ರೊಸೆಸರ್‌ಗಳಿಗೆ ಬಂದದ್ದು 2011ರಲ್ಲಿ. ಆದರೆ ಅದಾದ ಮೇಲೂ ಹಲವು ವರ್ಷ, ಅಗ್ಗದ ಪೆಂಟಿಯಂ ಮತ್ತು ಸೆಲೆರಾನ್ ಚಿಪ್‌ಗಳಲ್ಲಿ ಅವು ಇರಲಿಲ್ಲ. ಅಂದರೆ ಹೊರಗುಳಿದದ್ದು ಹಳೆಯ ಕಂಪ್ಯೂಟರ್ ಮಾತ್ರವಲ್ಲ, ಕಡಿಮೆ ದುಡ್ಡಿನದೂ ಹೌದು. 2025ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10, ಸಿ ಭಾಷೆಯ ಲೈಬ್ರರಿ ಸಮೇತ, ಎವಿಎಕ್ಸ್2 ಇರುವ ಪ್ರೊಸೆಸರನ್ನೇ ಬೇಡುತ್ತದೆ. ಅದೇ ವ್ಯವಸ್ಥೆಯನ್ನು ಅನುಸರಿಸುವ ಅಲ್ಮಾಲಿನಕ್ಸ್ 10 ಹಳೆಯ ಯಂತ್ರಗಳಿಗೆಂದೇ ಇನ್ನೊಂದು ಆವೃತ್ತಿಯನ್ನೂ ಕೊಟ್ಟಿದೆ.

ವೇಗ ಬೇಕೆಂದರೆ ಹಳೆಯವರನ್ನು ಬಿಡಲೇಬೇಕು ಎಂದೇನಿಲ್ಲ. ಲಿನಕ್ಸ್‌ನ ಜಿಲಿಬ್‌ಸಿ ಎಂಬ ಲೈಬ್ರರಿ ಒಂದೇ ಕೆಲಸಕ್ಕೆ ಹಲವು ತರದ ಕೋಡ್ ಇಟ್ಟುಕೊಂಡು, ಓಡುವಾಗ ಪ್ರೊಸೆಸರ್ ಯಾವುದೆಂದು ನೋಡಿ ತಕ್ಕದ್ದನ್ನು ಆರಿಸುತ್ತದೆ. ಫೈಲ್ ಸ್ವಲ್ಪ ದೊಡ್ಡದಾಗುತ್ತದೆ, ಕಟ್ಟುವವರಿಗೆ ಕೆಲಸ ಹೆಚ್ಚುತ್ತದೆ. ಆದರೆ ಯಾರ ಯಂತ್ರವೂ ನಿಂತುಹೋಗುವುದಿಲ್ಲ.

ಎರಡನೆಯ ತೀರ್ಮಾನ ಲೆಕ್ಕದ್ದು. ‘ಫಾಸ್ಟ್-ಮ್ಯಾತ್’ ಎಂಬ ಫ್ಲ್ಯಾಗ್ ಹಾಕಿದರೆ ಲೆಕ್ಕದ ವೇಗ ಹೆಚ್ಚಬಹುದು, ಆದರೆ ಕಂಪೈಲರ್ ಲೆಕ್ಕದ ಕ್ರಮವನ್ನು ತನಗೆ ಬೇಕಾದಂತೆ ಬದಲಿಸಬಹುದು. ಹತ್ತು ದಿನ, ದಿನಕ್ಕೆ 10 ಸೆಂಟ್ಸ್ ಮಳೆ ಎಂದಿಟ್ಟುಕೊಳ್ಳಿ. ಒಂದು ಇಂಚು ಆಗಬೇಕು. ಆದರೆ ಕಂಪ್ಯೂಟರ್ ಸುಮ್ಮನೆ 0.1 ಅನ್ನು ಹತ್ತು ಸಲ ಕೂಡಿಸಿದರೆ 0.9999999999999999 ಬರುತ್ತದೆ, ಏಕೆಂದರೆ ಅದರ ಎರಡಂಕಿ ಪದ್ಧತಿಯಲ್ಲಿ 0.1 ಸರಿಯಾಗಿ ಕೂರುವುದಿಲ್ಲ. ಪೈಥಾನ್‌ನ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿರುವ ‘ಎಫ್‌ಸಮ್’ ಮಾತ್ರ ಸರಿಯಾಗಿ 1 ಎನ್ನುತ್ತದೆ. ಪ್ರತಿ ಸಲ ಕೂಡಿದ ಮೇಲೆ ಮತ್ತೆ ಕಳೆದು ನೋಡಿ, ಉದುರಿಹೋದ ಚೂರನ್ನು ಹಿಡಿದಿಟ್ಟುಕೊಳ್ಳುವುದು ಅದರ ಗುಟ್ಟು. ಶಾಲೆಯ ಗಣಿತದಲ್ಲಿ ಆ ಚೂರು ಸೊನ್ನೆ. ಫಾಸ್ಟ್-ಮ್ಯಾತ್ ಹಾಕಿ ಕಟ್ಟಿದರೆ ಕಂಪೈಲರ್ ಕೂಡ ‘ಇದು ಸೊನ್ನೆಯೇ’ ಎಂದು ಆ ಲೆಕ್ಕವನ್ನೇ ಅಳಿಸಿಬಿಡಬಹುದು. ಎಲೆ ಬಿದ್ದು ಮಳೆಮಾಪಕ ಕಟ್ಟಿಕೊಂಡ ದಿನಕ್ಕೆ ‘ಸಂಖ್ಯೆ ಇಲ್ಲ’ ಎಂದು ಗುರುತು ಹಾಕಿದ್ದರೆ, ಆ ಗುರುತನ್ನು ಹುಡುಕುವ ಪರೀಕ್ಷೆಯೂ ಅಳಿದುಹೋಗಬಹುದು. ಯಂತ್ರ ನಿಂತರೆ ನಮಗೆ ಗೊತ್ತಾಗುತ್ತದೆ. ಲೆಕ್ಕ ತಪ್ಪಿದರೆ ಪತ್ರಿಕೆಯಲ್ಲಿ ಅಚ್ಚಾಗುತ್ತದೆ.

ನಾವು ಆ ಹೊರಗಿನ ಲೈಬ್ರರಿ ತೆಗೆದು, ಪೈಥಾನ್‌ನ ಸ್ವಂತ ಲೈಬ್ರರಿಯಲ್ಲೇ ಪ್ರೋಗ್ರಾಂ ಬರೆದೆವು. ಅದೇ ಸೆಲೆರಾನ್‌ನಲ್ಲಿ ನಡೆಯುತ್ತಿದೆ. ಅದನ್ನು ಕಟ್ಟಿದವರು ಎವಿಎಕ್ಸ್ ಇಲ್ಲದ ಪ್ರೊಸೆಸರನ್ನೂ ಲೆಕ್ಕಕ್ಕೆ ಹಿಡಿದಿದ್ದರು, ಅಷ್ಟೇ. ಅವರು ನಮ್ಮನ್ನು ನೋಡಿದವರಲ್ಲ.

ಇದು ದೂರದ ದೇಶದವರ ವಿದ್ಯೆ ಮಾತ್ರ ಎಂದುಕೊಳ್ಳಬೇಡಿ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಪ್ರಾಧ್ಯಾಪಕರಾಗಿದ್ದ ವೈ.ಎನ್. ಶ್ರೀಕಾಂತ್ ಅವರ ಕಂಪೈಲರ್ ಪಾಠಗಳು ಎನ್‌ಪಿಟಿಇಎಲ್‌ನಲ್ಲಿ ಉಚಿತವಾಗಿವೆ. ಪಾಠ ಇಂಗ್ಲಿಷಿನಲ್ಲಿದೆ, ಕಾಲೇಜು ಓದುವ ಮಕ್ಕಳು ನೋಡಬಹುದು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮೂರ ಹುಡುಗ ಹುಡುಗಿಯರೂ ನಾಳೆ ಇಂಥ ಲೈಬ್ರರಿ ಕಟ್ಟಬಹುದು. ಅವರಲ್ಲಿ ನಮ್ಮದೊಂದು ಕೋರಿಕೆ: ಫ್ಲ್ಯಾಗ್ ಹಾಕುವ ಮುಂಚೆ, ಅಪ್ಪ ಅಮ್ಮನ ಮನೆಯಲ್ಲಿ ಬಿಟ್ಟುಬಂದ ಹಳೇ ಕಂಪ್ಯೂಟರ್‌ನಲ್ಲಿ ಒಮ್ಮೆ ಓಡಿಸಿ ನೋಡಿ.

ನಿಮ್ಮ ಕಂಪ್ಯೂಟರ್‌ನಲ್ಲೂ ಆ ಒಂದು ಸಾಲು ಬಂದರೆ, ಕಂಪ್ಯೂಟರ್ ಕೆಟ್ಟಿದೆ ಎಂದು ತಕ್ಷಣ ಗುಜರಿಗೆ ಹಾಕಬೇಡಿ. ಪ್ರೊಸೆಸರ್ ಹೆಸರು ಬರೆದಿಟ್ಟುಕೊಂಡು, ಅದಕ್ಕೆ ಹೊಂದುವ ಆವೃತ್ತಿ ಇದೆಯೇ ಎಂದು ಮೊದಲು ಕೇಳಿ.