ಹೊರಸಿನಿಂದ ಎದ್ದದ್ದು

ನನಗಾಗ 69. ಮಳೆಯಾಗಿ ಎರಿ ಹೊಲ ಹಸಿ ಇತ್ತು, ಬದುವಿನ ಮೇಲೆ ಜಾರಿ ಬಿದ್ದೆ. ಸೊಂಟದ ಕೀಲಿನ ಹತ್ತಿರ ತೊಡೆಯ ಎಲುಬು ಮುರಿಯಿತು. ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿ ರಾಡ್ ಹಾಕಿದರು. ಆ ನೋವು ಗುಳಿಗೆಗೆ ಬಗ್ಗಿತು. ಬಗ್ಗದೇ ಕಾಡಿದ್ದು ಆಮೇಲಿನದು.

ನವಲಗುಂದ ತಾಲ್ಲೂಕಿನ ನಮ್ಮೂರ ಜಾತ್ರೆಯಲ್ಲಿ ಹರೆಯದಾಗ ಜೋಳದ ಚೀಲ ಎತ್ತಿ ಹೆಗಲಿಗೇರಿಸಿದವ ನಾನು. ಈಗ ಎಲ್ಲವೂ ಹೊರಸಿನ ಮೇಲೇ. "ಏಳಬ್ಯಾಡ್ರಿ, ಮತ್ತ ಬಿದ್ದೀರಿ" ಅಂತ ಮನೆಯಾಕೆ. "ಮಾವಾರ, ಏನ್ ಬೇಕಂದ್ರೂ ನನ್ನ ಕರೀರಿ" ಅಂತ ಸೊಸೆ. ಕಕ್ಕುಲಾತಿಗೆ ಎದುರಾಡುವುದು ಹೇಗೆ? ಒಂದು ಮುಂಜಾನೆ ಮಗ ಧೋತರ ಬದಲಿಸುವಾಗ ಕಾಲು ನೋಡಿಕೊಂಡೆ. ಆಪರೇಷನ್ ಆದ ಕಾಲಷ್ಟೇ ಸೊರಗಿದ್ದರೆ ಸಮಾಧಾನವಿರುತ್ತಿತ್ತು, ಗಟ್ಟಿಯಿದ್ದ ಕಾಲೂ ಸೊರಗಿತ್ತು. ಚರ್ಮ ಜೋತುಬಿದ್ದು, ಮೊಣಕಾಲ ಚಿಪ್ಪೇ ತೊಡೆಗಿಂತ ದಪ್ಪ ಕಾಣುತ್ತಿತ್ತು. ಬಯಲಕಡೆಗೆ ಹೋಗಲು ಇಬ್ಬರು ಹಿಡಿಯಬೇಕು. ಆ ನಾಚಿಕೆ ಯಾವ ವೈರಿಗೂ ಬೇಡ.

ಫಿಸಿಯೋಥೆರಪಿ ಮಾಡಿಸಲು ಬಂದ ಹುಡುಗಿ ತೊಡೆ ಹಿಚುಕಿ ನೋಡಿ, "ಅಜ್ಜಾರ, ಎಲುಬು ಕೂಡಾಕತ್ತೇತ್ರಿ. ಮಾಂಸಖಂಡ ಹೊಂಟೈತಿ, ಅದನ್ನ ಹಿಡೀಬೇಕ್ರಿ" ಅಂದಳು. ನಡುವಯಸ್ಸಿನಿಂದಲೇ ಅದು ಕರಗುತ್ತ ಬರುತ್ತದಂತೆ. ಥಟ್ಟನೆ ಎಳೆಯುವ ಎಳೆಗಳು ಹೆಚ್ಚು ಸವೆಯುತ್ತವೆ. ಜಾರಿದಾಗ ಕಾಲು ಮುಂದಿಟ್ಟು ಸಾವರಿಸುವುದು ಅವೇ. ಹಾಗಿದ್ದರೆ ನಾನು ಬೀಳುವ ಮೊದಲೇ ಕಸುವು ಹೊರಟಿತ್ತು! 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಯಾವ ಜಡ್ಡೂ ಇಲ್ಲದ ಹಿರಿಯರನ್ನು 10 ದಿನ ಹಾಸಿಗೆಯಲ್ಲಿಟ್ಟಿದ್ದಕ್ಕೇ ಕಾಲುಗಳಿಂದ ಸುಮಾರು ಒಂದು ಕೆಜಿ ಮಾಂಸಖಂಡ ಹೋಗಿತ್ತು. ನಾನು ಮಲಗಿದ್ದು ಅದಕ್ಕಿಂತ ಎಷ್ಟೋ ಹೆಚ್ಚು.

ಕೈ ಊರದೆ ಕುರ್ಚಿಯಿಂದ ಏಳುವುದು, ಕೂಡುವುದು, ಮತ್ತೆ ಏಳುವುದು: ಇಷ್ಟೇ ಔಷಧ. ಮೊದಲ ದಿನ ಕುಂಡಿ ಮೇಲೇಳಲೇ ಇಲ್ಲ. ತೊಡೆ ಥರಥರ ನಡುಗಿ ಬೆವರು ಕಣ್ಣಿಗಿಳಿಯಿತು. ಮನೆಯಾಕೆ "ಸಾಕು ಬಿಡವಾ ಅವರನ್ನ" ಎಂದು ಹುಡುಗಿಗೆ ಗದರಿದಳು. ಹುಡುಗಿ ಬಿಡಲಿಲ್ಲ. ವಾರಗಳು ಕಳೆದ ಮೇಲೆ ಕಣಕಾಲಿಗೆ ಉಸುಕಿನ ಚೀಲ ಕಟ್ಟಿಸಿದಳು.

ಊಟವೂ ಬದಲಾಯಿತು. ವಯಸ್ಸಾದ ಮೈ ತಿಂದ ಪ್ರೋಟೀನನ್ನು ಹರೆಯದವರಷ್ಟು ಮಾಂಸಖಂಡಕ್ಕೆ ಹಚ್ಚುವುದಿಲ್ಲ. ಅದಕ್ಕೇ ತೂಕದ ಕೆಜಿಗೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕು. ತತ್ತಿ ತಿನ್ನಿರಿ ಎಂದಳು, ನಮ್ಮಲ್ಲಿ ಅದು ಹೊಸ್ತಿಲು ದಾಟುವುದಿಲ್ಲ. ಝುಣಕ, ಹೆಸರುಕಾಳಿನ ಪಲ್ಯ, ಗಟ್ಟಿ ಮೊಸರು, ಶೇಂಗಾ ಹಿಂಡಿ ಹೆಚ್ಚಿದವು. ವರ್ಷಾ ಕಡಲೆ ಬೆಳೆದು ಚೀಲಗಟ್ಟಲೆ ಮಾರುವ ಮನೆಯಲ್ಲಿ ನನ್ನ ತಾಟಿಗೆ ಮಾತ್ರ "ಮುದುಕರಿಗೆ ಜಡ ಆಗತೈತಿ" ಎಂದು ಅಷ್ಟು ದಿನ ಗಂಜಿ!

ಕಸುವು ಬಂತು, ತೊಡೆ ಮಾತ್ರ ತುಂಬಲಿಲ್ಲ. ನನಗೆ ಅಂಜಿಕೆಯಾಯಿತು. ಅದಕ್ಕೂ ಅವಳಲ್ಲಿ ಉತ್ತರವಿತ್ತು. ಬಾಸ್ಟನ್‌ನಲ್ಲಿ ತೊಂಬತ್ತರ ಆಸುಪಾಸಿನವರಿಗೆ 8 ವಾರ ಭಾರ ಎತ್ತಿಸಿದಾಗ (1990ರ ವರದಿ) ಕಾಲಿನ ಬಲ ಸರಾಸರಿ ಶೇ 174 ಏರಿತ್ತು, ತೊಡೆಯ ಮಾಂಸಖಂಡ ಬೆಳೆದದ್ದು ಸುಮಾರು ಶೇ 9 ಅಷ್ಟೇ.

ಈಗ ಬಡಿಗೆ ಹಿಡಿದು ಹೊಲಕ್ಕೆ ಹೋಗುತ್ತೇನೆ. ನೆಲಕ್ಕೆ ಕೂತರೆ ಗೋಡೆ ಹಿಡಿಯದೆ ಏಳಲು ಇನ್ನೂ ಬರುವುದಿಲ್ಲ, ಪಂಗ್ತಿ ಊಟಕ್ಕೆ ಕರೆದರೆ ಗೋಡೆ ಬದಿಯ ಜಾಗ ಕೇಳುತ್ತೇನೆ.