ಹವಾಯಿ ಚಪ್ಪಲಿಯವರ ವಿಮಾನ

ಬೀದರಿನವರಾದ ನಮಗೆ ವಿಮಾನ ಹೊಸದೇನಲ್ಲ. ವಾಯುಪಡೆಯ ತರಬೇತಿ ವಿಮಾನಗಳು ನಮ್ಮ ಕೇರಿಯ ತಲೆ ಮೇಲೆಯೇ ಹಾರಾಡುತ್ತವೆ. ಶಾಲೆಯಲ್ಲಿ ಮಾಸ್ತರು ಪಾಠ ನಿಲ್ಲಿಸಿ, ಸದ್ದು ಅಡಗಿದ ಮೇಲೆ ಮುಂದುವರಿಸುತ್ತಿದ್ದರು. ಆದರೆ ವಿಮಾನದೊಳಗೆ ನಮ್ಮಂಥ ಮಂದಿಯೂ ಕೂಡಬಹುದು ಅಂತ ನಾವು ಅಂದುಕೊಂಡವರೇ ಅಲ್ಲ.

2017ರ ಏಪ್ರಿಲ್ 27ರಂದು ಶಿಮ್ಲಾದಲ್ಲಿ ಉಡಾನ್ ಯೋಜನೆಯ ಮೊದಲ ವಿಮಾನಕ್ಕೆ ಚಾಲನೆ ಕೊಟ್ಟ ಪ್ರಧಾನಿ, ಹವಾಯಿ ಚಪ್ಪಲಿ ಹಾಕಿದವರೂ ವಿಮಾನದಲ್ಲಿ ಕಾಣಬೇಕು ಅಂದರು. ಚಪ್ಪಲಿ ಹೊಲಿದ ಜನ ನಾವು. ಕಲ್ಯಾಣದ ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಚಮ್ಮಾವುಗೆ ಹೊಲಿದ ಕತೆಯನ್ನು ನಾವು ಪುಸ್ತಕದಲ್ಲಿ ಓದಿದ್ದಲ್ಲ, ಆಯಿ ಹೇಳಿದ್ದು. ಹಾಗಾಗಿ ಚಪ್ಪಲಿಯ ಮಾತು ಯಾರೇ ಆಡಲಿ, ನಮ್ಮ ಕಿವಿ ನಿಮಿರುತ್ತವೆ.

2020ರ ಫೆಬ್ರುವರಿ 7ರಂದು ಬೀದರಿನಿಂದ ಬೆಂಗಳೂರಿಗೆ ವಿಮಾನ ಹಾರಿತು. ಆಯಿಗೆ ಹೇಳಿದೆವು. ಆಕೆ ಕೇಳಿದ ಮೊದಲ ಮಾತು: ‘ಚಪ್ಪಲ್ ಹೊರಗ ಬಿಡಬೇಕೇನೋ ತಮ್ಮಾ?’ ತವರೂರಲ್ಲಿ ಗೌಡರ ಓಣಿ ದಾಟುವಾಗ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವಳು. ನಾವು ನಗಲಿಲ್ಲ. ಬೆಂಗಳೂರಲ್ಲಿ ಕೆಲಸಕ್ಕಿರುವ ತಮ್ಮನ ಮನೆಗೆ ಆಕೆಯನ್ನು ಒಂದು ಸಲವಾದರೂ ವಿಮಾನದಲ್ಲೇ, ಚಪ್ಪಲಿ ಹಾಕಿಸಿಯೇ ಕಳಿಸಬೇಕು ಅಂತ ಗಟ್ಟಿ ಮಾಡಿಕೊಂಡೆವು.

ಲೆಕ್ಕ ಹಾಕಿದೆವು. ಸುಮಾರು ಒಂದು ತಾಸಿನ ಹಾರಾಟಕ್ಕೆ ಯೋಜನೆ ಮೊದಲು ಇಟ್ಟ ದರ 2,500 ರೂಪಾಯಿ. ಅದೂ ಅರ್ಧ ಸೀಟುಗಳಿಗೆ. ಉಳಿದರ್ಧಕ್ಕೆ ಕಂಪನಿ ಹೇಳಿದ್ದೇ ರೇಟು. ಆ ವರ್ಷ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 275. ಒಂಬತ್ತು ದಿನ ಮಣ್ಣು ಹೊತ್ತರೂ 25 ರೂಪಾಯಿ ಕಡಿಮೆ.

ಏಳು ವಾರ ತುಂಬಲಿಲ್ಲ, ಮಾರ್ಚ್ 25ಕ್ಕೆ ದೇಶದ ವಿಮಾನಗಳೆಲ್ಲ ನಿಂತವು. ಆ ಬೇಸಿಗೆಯಲ್ಲಿ ಹವಾಯಿ ಚಪ್ಪಲಿಗಳನ್ನು ದೇಶವೇ ಕಂಡಿತು, ಹೆದ್ದಾರಿಯಲ್ಲಿ, ಬಾರು ಕಿತ್ತು, ತಂತಿ ಕಟ್ಟಿದ್ದು. ಪರದೇಶದಲ್ಲಿ ಸಿಕ್ಕಿಬಿದ್ದವರನ್ನು ಕರೆತರಲು ಮಾತ್ರ ಮೇ 7ರಿಂದ ವಿಮಾನಗಳು ಹೊರಟವು.

ಆಮೇಲಿನ ಕತೆ ಬೇಗ ಹೇಳಿ ಮುಗಿಸಬಹುದು. ಮೊದಲ ಕಂಪನಿ ಬಾಗಿಲು ಹಾಕಿತು. 2022ರ ಜೂನ್‌ನಲ್ಲಿ ಇನ್ನೊಂದು ಬಂತು. 2023ರ ಡಿಸೆಂಬರ್‌ನಲ್ಲಿ ಅದೂ ನಿಂತಿತು. ನಮ್ಮ ಡಬ್ಬಿಯಲ್ಲಿ ಆಗ ಟಿಕೇಟಿನ ಮುಕ್ಕಾಲು ಪಾಲು ರೊಕ್ಕ ಕೂಡಿತ್ತು.

ಇದು ನಮ್ಮೂರೊಂದರ ಹಣೆಬರಹ ಅಂದುಕೊಂಡಿದ್ದೆವು. ಅಲ್ಲ. ಸಿಎಜಿಯ 2023ರ ವರದಿ ನೋಡಿ: ಮೂರನೇ ಹಂತದವರೆಗೆ ಕೊಟ್ಟ ಮಾರ್ಗ 774, ಶುರುವಾದವು 371, ಮೂರು ವರ್ಷ ಪೂರೈಸಿದವು 112, ಅದರಾಚೆಗೂ 2023ರ ಮಾರ್ಚ್‌ವರೆಗೆ ಉಳಿದವು 54. ಸರ್ಕಾರ ನಷ್ಟ ತುಂಬಿಕೊಡುವುದು ಮೂರು ವರ್ಷ. ಆಮೇಲೆ ವಿಮಾನ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ನಿಲ್ಲದಿದ್ದರೆ ರೊಕ್ಕ ಹುಟ್ಟುವ ಊರಿಗೆ ಹೊರಡುತ್ತದೆ.

ವಿಮಾನ ಬೇಡ ಅನ್ನುವವರಲ್ಲ ನಾವು. ರಾಜಧಾನಿಯಿಂದ ಸುಮಾರು 700 ಕಿಲೋಮೀಟರು ದೂರ ಇರುವವರಿಗೆ ಅದರ ಬೆಲೆ ಗೊತ್ತು. ಆದರೆ ಬೀದರ್–ಕಲಬುರಗಿ ರೈಲು ಮಾರ್ಗಕ್ಕೆ ಇಪ್ಪತ್ತು ವರ್ಷ ಕಾದಿದ್ದೇವೆ. ಪೂರ್ತಿ ಮುಗಿದದ್ದು 2017ರ ಅಕ್ಟೋಬರ್‌ನಲ್ಲಿ. ವಿಮಾನ ನಿಂತರೆ ಪತ್ರಿಕೆಯಲ್ಲಿ ದೊಡ್ಡ ಸುದ್ದಿ, ನಾಯಕರಿಂದ ಮನವಿ. ಜನರಲ್ ಡಬ್ಬಿಯ ಪಾಯಖಾನೆ ಬಾಗಿಲಲ್ಲಿ ಕೂತು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುವವರನ್ನು ‘ಪ್ರಯಾಣಿಕರ ದಟ್ಟಣೆ’ ಅಂತ ಯಾರು ಬರೆದರು?

ಆಯಿ ಆ ಡಬ್ಬಿಯಲ್ಲೇ ಬೆಂಗಳೂರಿಗೆ ಹೋಗಿಬಂದಳು. ರಾತ್ರಿಯಿಡೀ ಚಪ್ಪಲಿಯನ್ನು ತಲೆದಿಂಬಿನ ಹಾಗೆ ಗಂಟಿನೊಳಗೆ ಇಟ್ಟುಕೊಂಡಿದ್ದಳಂತೆ, ಕಳವಾದೀತು ಅಂತ.

ರಾಜ್ಯ ಸರ್ಕಾರ ನಷ್ಟ ತುಂಬಿಕೊಡಲು ಒಪ್ಪಿದ ಮೇಲೆ 2025ರ ಏಪ್ರಿಲ್‌ನಲ್ಲಿ ವಿಮಾನ ಮತ್ತೆ ಬಂತು. ಓಡಿಹೋಗಿ ಆಯಿಗೆ ಹೇಳಿದೆವು. ಜೋಳ ಹಸನು ಮಾಡುತ್ತಿದ್ದವಳು ಮೊರದಿಂದ ತಲೆ ಎತ್ತಲಿಲ್ಲ.

‘ಈ ಸಲ ಎಷ್ಟ್ ದಿನ ಇರ್ತದಂತ?’